ಆ ಜಗಲಿಯ ಮೇಲೆ ಒಂದು ಹೊತ್ತು ಕೂತುಕೊಳ್ಳಿ

ಸಿಂಗಟಗೆರೆಯ ಬಂಧುಗಳೇ, ನಿಮ್ಮ ಬೀದಿಯಲ್ಲೊಂದು ಮನೆಯಿದೆ. ವಾರಕ್ಕೊಂದು ದಿನ ಬೆಳಿಗ್ಗೆ ಆ ಮನೆಗೆ ಹೊರಗಿನಿಂದ ಬೀಗ ಬಿದ್ದಿರುತ್ತದೆ, ಆದರೂ ಹೆಂಚಿನ ಸಂದಿಯಿಂದ ಒಲೆಯ ಹೊಗೆ ಏಳುತ್ತಿರುತ್ತದೆ. ಬೀಗ ಹಾಕಿದ್ದು ಯೂನಿಫಾರಂ ತೊಟ್ಟ ಮಗು. ಸಾಲದ ಕಂತು ವಸೂಲಿಯವನ ಬೈಕು ಬಂದು ನಿಂತಾಗ "ಅಮ್ಮ ಊರಿಗೆ ಹೋಗಿದಾರೆ" ಎನ್ನುವುದನ್ನು ಅದು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದೆ. ಒಳಗೆ ಕತ್ತಲಲ್ಲಿ ಅದರ ತಾಯಿ ಕೆಮ್ಮು ತಡೆದುಕೊಂಡು ಕೂತಿರುತ್ತಾಳೆ. ನಿಮಗೆ ಗೊತ್ತಿದೆ. ನೀರು ಹಿಡಿಯುತ್ತ ನೀವು ನೋಡಿದ್ದೀರಿ, ಡೈರಿಗೆ ಹಾಲು ಹಾಕಿ ಬರುವಾಗ ನೋಡಿದ್ದೀರಿ, ನೋಡಿಯೂ ತಲೆ ತಗ್ಗಿಸಿ ನಡೆದು ಹೋಗಿದ್ದೀರಿ. ಅದು ಕಲ್ಲು ಮನಸ್ಸಿನಿಂದಲ್ಲ, ಇನ್ನೊಬ್ಬರ ಮನೆಯ ಮಾನಕ್ಕೆ ಕೈ ಹಾಕಬಾರದು ಎಂಬ ಒಳ್ಳೆಯತನದಿಂದಲೇ ಎಂದು ನಾನು ಬಲ್ಲೆ. ಆ ಒಳ್ಳೆಯತನವನ್ನೇ ನಂಬಿ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಕಾಫಿ, ಮಂಜು, ಗಿರಿ. ನಮ್ಮ ಕಡೂರು ಸೀಮೆ ಆ ಚಿತ್ರದಲ್ಲಿ ಇಲ್ಲ. ಇಲ್ಲಿರುವುದು ಮುಗಿಲು ನೋಡುವ ರಾಗಿ ಹೊಲ, ಸುಳಿ ಒಣಗಿದ ತೆಂಗು, ಬೆಲೆ ಬಿದ್ದ ವರ್ಷ ಹೊಲದಲ್ಲೇ ಕೊಳೆಯುವ ಈರುಳ್ಳಿ, ನೂರಾರು ಅಡಿ ಕೊರೆದರೂ ಬರೀ ಧೂಳು ಉಗುಳುವ ಬೋರು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು" ಎಂದು ಆ ತಾಯಿಯ ಬಗ್ಗೆ ಅನ್ನುತ್ತೇವಲ್ಲ, ಆ ಹಾಸಿಗೆಯನ್ನು ನಾವು ಯಾವತ್ತಾದರೂ ನೋಡಿದ್ದೇವೆಯೇ? ಅವಳು ಸಾಲ ಮಾಡಿದ್ದು ಮೆರೆಯಲಿಕ್ಕಲ್ಲ. ಗಂಡನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಬೇಕಿತ್ತು, ಮಗಳ ಕಾಲೇಜಿಗೆ ಕಟ್ಟಬೇಕಿತ್ತು, ಸತ್ತ ಹಸುವಿನ ಜಾಗಕ್ಕೆ ಇನ್ನೊಂದು ಹಸು ಬರಬೇಕಿತ್ತು.

ಮೊದಲ ಸಂಘದ ಸಾಲ ಹಾಗೆ ಬಂತು. ಅದರ ಕಂತಿಗೆ ಎರಡನೆಯ ಸಂಘ, ಎರಡರ ಕಂತಿಗೆ ಮೂರನೆಯದು. ಅಲ್ಲಿಗೂ ಸಾಲದಾದಾಗ ಕಿವಿಯ ಓಲೆ ಗಿರವಿ ಅಂಗಡಿಗೆ, ಕಡೆಗೆ ಮೀಟರ್ ಬಡ್ಡಿಯವನ ಮನೆ ಬಾಗಿಲಿಗೆ. ಒಂದು ಲೆಕ್ಕ ಹಾಕಿ ನೋಡಿ. ವಾರಕ್ಕೆ 700 ರೂಪಾಯಿಯ ಕಂತು ನಾಲ್ಕು ಕಡೆ ಎಂದರೆ 2,800. ತಿಂಗಳಿಗೆ 12,000ಕ್ಕೂ ಮೇಲೆ. ನಮ್ಮ ರಾಜ್ಯದಲ್ಲಿ 2025ರ ಏಪ್ರಿಲ್‌ನಿಂದ ಗೊತ್ತುಮಾಡಿದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಭಾನುವಾರವಿಲ್ಲದೆ, ಹಬ್ಬವಿಲ್ಲದೆ, ಜ್ವರವಿಲ್ಲದೆ ಆ ಲೆಕ್ಕದಲ್ಲಿ ಮೂವತ್ತು ದಿನ ದುಡಿದರೂ ಅವಳ ಕೈಗೆ ಬರುವುದು 11,100. ಊಟಕ್ಕೆ ಇನ್ನೂ ಕೈ ಹಾಕಿಲ್ಲ. ಗೃಹಲಕ್ಷ್ಮಿಯ 2,000 ಬಂದ ದಿನವೇ ಕರಗುತ್ತದೆ, ಅತ್ತೆಯ ಸಂಧ್ಯಾ ಸುರಕ್ಷಾ ಪಿಂಚಣಿ ಕರಗುತ್ತದೆ. ಆಮೇಲೆ ಮಾತ್ರೆ ನಿಲ್ಲಿಸುವವಳು ಆ ಮುದುಕಿ, ಓದು ಬಿಟ್ಟು ಬೆಂಗಳೂರಿನ ಹೋಟೆಲಿನಲ್ಲಿ ಲೋಟ ತೊಳೆಯಲು ಬಸ್ಸು ಹತ್ತುವವನು ಮಗ, ಹದಿನೆಂಟು ತುಂಬುವ ಮುಂಚೆಯೇ ಯಾರದೋ ಮನೆ ಸೇರುವವಳು ಮಗಳು. ಪಾಸ್‌ಬುಕ್ಕಿನಲ್ಲಿ ಇವರ ಯಾರ ಹೆಸರೂ ಇಲ್ಲ. ಸಾಲಕ್ಕೆ ಸಹಿ ಹಾಕದವರೇ ಸಾಲ ತೀರಿಸುತ್ತಿದ್ದಾರೆ. ಇದು ನಿಮಗೆ ಗೊತ್ತಿದೆ.

2025ರ ಜನವರಿ ನೆನಪಿದೆಯೇ? ಚಾಮರಾಜನಗರದ ಹಳ್ಳಿಗಳಲ್ಲಿ ಜನ ಕಂತಿಗೆ ಹೆದರಿ ಮನೆ ಬಿಟ್ಟು ಹೋದರು, ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಾಳಿಯನ್ನೇ ಅಂಚೆಗೆ ಹಾಕಿ ಸರ್ಕಾರಕ್ಕೆ ಕಳಿಸಿದರು. ಒಂದರ ಮೇಲೊಂದು ಸಾವಿನ ಸುದ್ದಿ ಬಂತು. ಆಗ ಫೆಬ್ರವರಿ 12ರಂದು ರಾಜ್ಯದಲ್ಲಿ ಸುಗ್ರೀವಾಜ್ಞೆ ಹೊರಟಿತು, ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಕಾಯ್ದೆ ಮಾಡಿತು. ಕಿರುಸಾಲ ವಸೂಲಿಗೆ ಬಲವಂತ ಮಾಡಿದರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ತೆಗೆದುಕೊಳ್ಳುವುದಿಲ್ಲ ಎನ್ನುವ ಹಾಗಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಇದಕ್ಕೂ ಮುಂಚಿನದು, 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವರ್ಷಕ್ಕೆ ಮೂರು ಲಕ್ಷದೊಳಗಿನ ಆದಾಯದ ಮನೆಗೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳಬಾರದು. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ಫೋನ್ ಮಾಡಿ ಕಾಡಬಾರದು. ಒಪ್ಪಿಕೊಂಡ ಜಾಗಕ್ಕೆ ಸಾಲಗಾರರು ಎರಡು ಸಲ ಮೇಲಿಂದ ಮೇಲೆ ಬರದಿದ್ದರೆ ಮಾತ್ರ ವಸೂಲಿಯವರು ಮನೆಗೆ ಬರಬಹುದು. ಬಯ್ಯಬಾರದು, ನೆಂಟರಿಷ್ಟರನ್ನು ಪೀಡಿಸಬಾರದು, ಹೆಸರು ಬಯಲಿಗೆಳೆದು ಮಾನ ಕಳೆಯಬಾರದು.

ಇಷ್ಟೆಲ್ಲ ಇದ್ದೂ ಬಾಗಿಲಿಗೆ ಬೀಗ ಯಾಕೆ ಬೀಳುತ್ತಿದೆ? ಕಾಯ್ದೆ ಬೆಂಗಳೂರಿನಿಂದ ಸಿಂಗಟಗೆರೆಯವರೆಗೆ ಬಂದಿದೆ. ಆದರೆ ನಿಮ್ಮ ಮನೆಯಿಂದ ಅವಳ ಮನೆಯವರೆಗಿನ ಇಪ್ಪತ್ತು ಹೆಜ್ಜೆಯನ್ನು ಅದು ತಾನಾಗಿ ನಡೆಯಲಾರದು.

ಸಂಘದ ಅಕ್ಕತಂಗಿಯರೇ, ನಿಮಗೆ ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. ಒಬ್ಬಳ ಕಂತು ಬರುವ ತನಕ ಮೀಟಿಂಗ್ ಮುಗಿಯುವುದಿಲ್ಲ ಎಂದು ನಿಮ್ಮನ್ನೂ ಕೂರಿಸುತ್ತಾರೆ. ಕೂಲಿಗೆ ಹೊತ್ತಾಗುತ್ತದೆ, ಒಲೆಯ ಮೇಲೆ ಎಸರು ಉಕ್ಕುತ್ತದೆ. ಆ ಸಿಟ್ಟಿನಲ್ಲಿ "ನಿನ್ನಿಂದ ನಮ್ಮೆಲ್ಲರ ತಲೆ ಮೇಲೆ ಬಂತಲ್ಲೇ" ಎಂಬ ಮಾತು ಬಾಯಿಗೆ ಬರುತ್ತದೆ. ಬಂದದ್ದು ನಿಜ. ಆದರೆ ಹೊರಗಿನವನ ಗದರಿಕೆಯನ್ನು ಅವಳು ಹೇಗೋ ನುಂಗುತ್ತಾಳೆ, ಜೊತೆಗೆ ಕಳೆ ಕಿತ್ತವಳ ಮಾತನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾಳೆ. ಬೈಕಿನಲ್ಲಿ ಬರುವ ಹುಡುಗನೂ ಬಡವರ ಮನೆಯ ಮಗನೇ, ಅವನ ನೆತ್ತಿಯ ಮೇಲೂ ಟಾರ್ಗೆಟ್ಟಿನ ಕತ್ತಿ ತೂಗುತ್ತಿದೆ. ಬಡವರನ್ನು ಬಡವರ ಮೇಲೆ ಕಾವಲಿಗೆ ನಿಲ್ಲಿಸಿರುವುದು ನಿಮಗೆ ಗೊತ್ತಿದೆ.

ಕೊಂಡ ಸಾಲ ತೀರಿಸಬೇಡಿ ಎಂದು ನಾನು ಹೇಳುತ್ತಿಲ್ಲ, ಅವಳೂ ಹಾಗೆಂದವಳಲ್ಲ. ತೀರಿಸುವ ದಾರಿ ಹುಡುಕಲು ಅವಳ ಪಕ್ಕ ಒಬ್ಬರು ಬೇಕು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಊರ ಕಷ್ಟಕ್ಕೆ ಊರೇ ಆಗಬೇಕೆಂದು. ಇವತ್ತು ಆ ಪರಂಪರೆಯ ಸೊಸೈಟಿಗಳಲ್ಲಿ ರೈತರಿಗೆ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲವಿದೆ. ಸೊಸೈಟಿಯ ನಿರ್ದೇಶಕರೇ, ಪಹಣಿಯಲ್ಲಿ ಹೆಸರಿಲ್ಲದ ಆ ಹೆಂಗಸು ನಿಮ್ಮ ಬಾಗಿಲಿಗೆ ಬಂದಾಗ "ನಿನಗೆ ಬರಲ್ಲಮ್ಮ" ಎಂದು ಕಳಿಸುವ ಮುಂಚೆ ಅವಳ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಏನಾದರೂ ಆಗುತ್ತದೆಯೇ ಎಂದು ಒಮ್ಮೆ ಪುಸ್ತಕ ತಿರುವಿ ನೋಡಿ. ಮೇಷ್ಟ್ರೇ, ಬೀಗ ಹಾಕಿ ಬಂದ ಆ ಮಗು ನಿಮ್ಮ ತರಗತಿಯಲ್ಲೇ ಕೂತಿದೆ.

ಒಂದು ಹೊತ್ತು ಅವಳ ಜಗಲಿಯ ಮೇಲೆ ಕೂತುಕೊಳ್ಳಿ. ಬುದ್ಧಿ ಹೇಳಲು ಹೋಗಬೇಡಿ, ಒಂದು ನೋಟ್‌ಬುಕ್ಕು, ಒಂದು ಪೆನ್ನು ತೆಗೆದುಕೊಂಡು ಹೋಗಿ. ಎಷ್ಟು ಸಂಘ, ಯಾರಿಗೆಷ್ಟು, ಬಡ್ಡಿ ಎಷ್ಟು, ಕಟ್ಟಿದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆದುಕೊಳ್ಳಿ. ಮನಸ್ಸಿನಲ್ಲಿ ಬೆಟ್ಟದಂತೆ ಕವಿದ ಸಾಲ ಕಾಗದದ ಮೇಲೆ ಇಳಿದಾಗ ಅದಕ್ಕೊಂದು ಅಂಚು ಕಾಣುತ್ತದೆ, ಎಷ್ಟೋ ಹೆಂಗಸರು ತಮ್ಮ ಒಟ್ಟು ಸಾಲವನ್ನು ಕಾಣುವುದೇ ಆಗ. ಹಳೆಯ ಕಂತಿಗಾಗಿ ಹೊಸ ಸಾಲ ಬೇಡವೆಂದು ಕೈ ಹಿಡಿದು ಹೇಳಿ. ಕಂತು ಇಳಿಸಿ, ಅವಧಿ ಹೆಚ್ಚಿಸಿ ಎಂದು ಸಾಲ ಕೊಟ್ಟವರಿಗೆ ಬರವಣಿಗೆಯಲ್ಲಿ ಕೇಳಿ, ನಕಲು ಇಟ್ಟುಕೊಳ್ಳಿ. ಅವರ ವಿರುದ್ಧ ಕೊಟ್ಟ ದೂರಿಗೆ ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ವಿಚಾರಿಸಲು 14448. ಗದರಿಕೆ ಬಂದರೆ 112. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಪುಕ್ಕಟೆ, ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ, ಇಲ್ಲವೇ ಅವಳ ಜೊತೆ ಕಡೂರಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬಸ್ಸು ಹತ್ತಿ. "ಬದುಕಿ ಏನು ಮಾಡಲಿ" ಎಂಬ ಮಾತು ಅವಳ ಬಾಯಲ್ಲಿ ಒಂದು ಸಲ ಬಂದರೂ ಆ ರಾತ್ರಿ ಅವಳನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್‌ನ 14416 ಹಗಲೂ ರಾತ್ರಿ ಎತ್ತುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಅವಳು ಮೊದಲು ಓಗೊಡದೆ ಇರಬಹುದು. ಬೈಕಿನವನೇ ಬಂದನೆಂದು ಉಸಿರು ಬಿಗಿಹಿಡಿದು ಕೂತಾಳು. ಆಗ ಕದ ತಟ್ಟಬೇಡಿ, ನಿಮ್ಮ ಹೆಸರು ಹೇಳಿ. "ನಾನು ಕಣಕ್ಕ, ಪಕ್ಕದ ಮನೆಯವಳು, ಟೀ ತಂದಿದೀನಿ" ಅನ್ನಿ. ಬೀಗದ ಕೈ ಆ ಮಗುವಿನ ಬ್ಯಾಗಿನಲ್ಲಿರುತ್ತದೆ. ಅದು ಶಾಲೆಯಿಂದ ಬರುವ ತನಕ ಅಲ್ಲೇ ಜಗಲಿಯ ಮೇಲೆ ಕಾಯುತ್ತಿರಿ.