ಗಣಕವನ್ನು ನಿಲ್ಲಿಸುವ ಅಧಿಕಾರ ಯಾರಿಗಿರಬೇಕು?

ಯಂತ್ರವನ್ನು ನಡೆಯಿಸುವ ವಿದ್ಯೆಗೆ ನಾವು ಕೊಡುವ ಮನ್ನಣೆಯನ್ನು ಅದನ್ನು ನಿಲ್ಲಿಸುವ ವಿದ್ಯೆಗೆ ಕೊಡುವುದಿಲ್ಲ. ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗದಿಂದ ಕುಷ್ಟಗಿಯ ಹಳಿ ಕವಲೊಡೆಯುವುದು ತಳಕಲ್‌ನಲ್ಲಿ. ಅಲ್ಲಿ ಯಾವ ಗಾಡಿ ಎಲ್ಲಿ ನಿಲ್ಲಬೇಕೆಂಬುದನ್ನು ಚಾಲಕನ ಇಚ್ಛೆಗೆ ಬಿಟ್ಟಿಲ್ಲ. ಅದಕ್ಕೆ ಸಿಗ್ನಲ್ ಉಂಟು, ನಿಯಮವುಂಟು. ಅದೇ ಊರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಇದೆ. ಇಂಥ ಕಾಲೇಜುಗಳು ಥಿನ್ ಕ್ಲೈಂಟ್ ಗಣಕಗಳನ್ನು ಬಳಸುವುದಾದರೆ ಅಲ್ಲಿಯೂ ಇದೇ ಶಿಸ್ತು ಅವಶ್ಯವೆಂಬುದು ನಮ್ಮ ಅಭಿಪ್ರಾಯ.

ಥಿನ್ ಕ್ಲೈಂಟ್ ಎಂದರೆ ಸಾಮಾನ್ಯವಾಗಿ ಸ್ವಂತ ಡಿಸ್ಕಿನ ಆಸರೆಯಿಲ್ಲದೆ ನಡೆಯುವ ಚಿಕ್ಕ ಗಣಕ. ಗುಂಡಿಯನ್ನೊತ್ತಿದೊಡನೆ ಅದು ಜಾಲದ ಮೂಲಕ ಸರ್ವರಿನಿಂದ ಲಿನಕ್ಸ್ ವ್ಯವಸ್ಥೆಯನ್ನು ತರಿಸಿಕೊಂಡು ಎಚ್ಚರಗೊಳ್ಳುತ್ತದೆ. 1999ರಲ್ಲಿ ಅಮೆರಿಕದ ಜಿಮ್ ಮೆಕ್‌ಕ್ವಿಲನ್ ಆರಂಭಿಸಿದ ‘ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್’ ಈ ಏರ್ಪಾಡನ್ನು ಶಾಲೆಗಳಿಗೆ ಸುಲಭಗೊಳಿಸಿತು. ಹಳೆಯ ಗಣಕಗಳೂ ಪುನಃ ಉಪಯೋಗಕ್ಕೆ ಬಂದವು.

ಈ ಪದ್ಧತಿಯ ಮೂಲರೂಪದಲ್ಲಿ ವಿದ್ಯಾರ್ಥಿಯ ಕೆಲಸವೆಲ್ಲ ನಡೆಯುವುದು ಸರ್ವರಿನಲ್ಲಿ. ಅವನ ಮುಂದಿರುವುದು ಅದರ ಚಿತ್ರ ಮಾತ್ರ. ಅನುಮತಿಗಳನ್ನು ಎಚ್ಚರವಿಲ್ಲದೆ ಕೊಟ್ಟಿದ್ದರೆ, ತನ್ನ ಯಂತ್ರವನ್ನು ನಿಲ್ಲಿಸಹೊರಟವನು ಸರ್ವರನ್ನೇ ನಿಲ್ಲಿಸಿಯಾನು. ಆಗ ಉಳಿದವರೆಲ್ಲರೂ ಬರೆದು ಉಳಿಸಿಕೊಳ್ಳದ ಕೆಲಸ ಒಂದೇ ಕ್ಷಣದಲ್ಲಿ ನಷ್ಟವಾಗುತ್ತದೆ. ಆದ್ದರಿಂದ ಮೊದಲ ನಿಯಮವಿದು: ವಿದ್ಯಾರ್ಥಿಗೆ ತನ್ನ ಯಂತ್ರದ ಮೇಲೆ ಮಾತ್ರ ಅಧಿಕಾರ, ಸರ್ವರಿನ ಮೇಲೆ ಅದರ ಮೇಲ್ವಿಚಾರಕನಿಗೆ ಮಾತ್ರ. ಲಿನಕ್ಸಿನಲ್ಲಿ ‘ಪೋಲ್‌ಕಿಟ್’ ಎಂಬ ಅಂಗದ ಮೂಲಕ ಇದನ್ನು ವಿಧಿಸಬಹುದು.

ಎರಡನೆಯದು ಕ್ರಮ. ಕ್ಲೈಂಟುಗಳು ಮೊದಲು ನಿಲ್ಲಬೇಕು, ಸರ್ವರ್ ಕೊನೆಗೆ. ಏಕೆಂದರೆ ಕ್ಲೈಂಟಿಗೆ ನಿಲ್ಲುವುದಕ್ಕೆ ಬೇಕಾದ ಪ್ರೋಗ್ರಾಮುಗಳೂ ಸರ್ವರಿನಿಂದಲೇ ಬರಬೇಕು. ಸರ್ವರ್ ಮೊದಲೇ ನಿಂತರೆ, ಬಾವಿಗಿಳಿದವನು ಮೇಲೆ ಬರುವ ಮುನ್ನವೇ ಹಗ್ಗವನ್ನು ಸೆಳೆದುಕೊಂಡಂತಾಗುತ್ತದೆ: ಕ್ಲೈಂಟು ನಡೆಯಲೂ ಆರದೆ, ನಿಲ್ಲಲೂ ಆರದೆ ಸ್ತಬ್ಧವಾಗುತ್ತದೆ. ವಿದ್ಯುತ್ತು ಹೋದಾಗ ಯುಪಿಎಸ್ ಕೊಡುವ ಕೆಲವು ನಿಮಿಷಗಳಲ್ಲಿ ಈ ಕ್ರಮ ತಾನಾಗಿಯೇ ನಡೆಯುವಂತೆ ಮೊದಲೇ ಗೊತ್ತುಪಡಿಸಿರಬೇಕು.

ಮೂರನೆಯದು ವೇಳೆ. ಒಂದೊಂದು 10 ವಾಟ್ ಬಳಸುವ 30 ಕ್ಲೈಂಟುಗಳು ಸಂಜೆ 5ರಿಂದ ಬೆಳಿಗ್ಗೆ 9ರವರೆಗೆ ವ್ಯರ್ಥವಾಗಿ ಉರಿದರೆ, ಒಂದು ರಾತ್ರಿಗೆ 4.8 ಯೂನಿಟ್ ವಿದ್ಯುತ್ತು ಪೋಲಾಗುತ್ತದೆ. ನಿಶ್ಚಿತ ವೇಳೆಗೆ, ಮುನ್ಸೂಚನೆ ಕೊಟ್ಟು, ಅವು ತಾವಾಗಿ ನಿಲ್ಲುವಂತೆ ಮಾಡುವುದು ಕಷ್ಟವಲ್ಲ.

ಮುಖ್ಯ ಸ್ವಿಚ್ಚನ್ನು ಆಫ್ ಮಾಡಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಡಿಸ್ಕಿಲ್ಲದ ಕ್ಲೈಂಟು ಅದನ್ನು ಸಹಿಸೀತು. ಎಲ್ಲರ ಕಡತಗಳನ್ನು ಹೊತ್ತ ಸರ್ವರ್ ಸಹಿಸಲಾರದು. ಇಂಥ ಕಟ್ಟುಪಾಡು ವಿದ್ಯಾರ್ಥಿಯ ಸ್ವಾತಂತ್ರ್ಯಕ್ಕೆ ಕುಂದಲ್ಲವೇ ಎಂದು ಮತ್ತೆ ಕೆಲವರು ಆಕ್ಷೇಪಿಸಬಹುದು. ಲಿನಕ್ಸಿನಲ್ಲಿ ನಿಯಮಗಳೆಲ್ಲ ಯಾರೂ ಓದಬಹುದಾದ, ಕಲಿಯಬಹುದಾದ ಬರಹಗಳು. ಆದ್ದರಿಂದ ಈ ನಿಯಮಗಳನ್ನು ವಿದ್ಯಾರ್ಥಿಗಳೇ ಬರೆದು, ಪರೀಕ್ಷಿಸಿ, ಜಾರಿಗೆ ತರುವುದನ್ನು ಪ್ರಯೋಗಶಾಲೆಯ ಒಂದು ಪಾಠವನ್ನಾಗಿಸಬೇಕು. ತಾನೇ ಬರೆದ ನಿಯಮವನ್ನು ಪಾಲಿಸುವುದು ಯಾರಿಗೂ ಬಂಧನವೆನಿಸದು.