ಹುಡುಗನ ಮಾತು ‘ಇತರೆ ಬಾಬ್ತು’ ಆಯಿತೇ?

ಅರಸೀಕೆರೆಯಲ್ಲಿ ಇಪ್ಪತ್ತು ವರ್ಷದಿಂದ ಪ್ರೆಸ್ ನಡೆಸುತ್ತಿದ್ದೇನೆ. ಕೊಬ್ಬರಿ ಮಂಡಿಯ ಬಿಲ್ ಬುಕ್ಕು, ಮದುವೆ ಪತ್ರಿಕೆ, ತಿಥಿ ಕಾರ್ಡು, ರಾಜ್ಯೋತ್ಸವದ ಪೋಸ್ಟರು, ಎಲ್ಲವನ್ನೂ ಅಚ್ಚು ಹಾಕಿದ್ದೇನೆ. ಓದಿದ್ದು ಪಿಯುಸಿ. ಆದರೆ ಬಿಲ್ ಬುಕ್ಕು ಅಚ್ಚು ಹಾಕಿ ಹಾಕಿ ಒಂದು ಸತ್ಯ ಗೊತ್ತಾಗಿದೆ: ಬಿಲ್ಲಿನಲ್ಲಿ ಸರಿಯಾದ ಹೆಸರಿಲ್ಲದ ವಸ್ತುವಿಗೆ ಯಾವ ಕಚೇರಿಯೂ ಕಾಸು ಬಿಚ್ಚುವುದಿಲ್ಲ. ಮೊನ್ನೆ ಆ ಸತ್ಯ ನನ್ನ ಅಂಗಡಿ ಬಾಗಿಲಿಗೇ ಬಂದು ನಿಂತಿತು. ನಿಂತಿತು ಅಂದರೆ ತಪ್ಪು, ಕೂತಿತ್ತು, ಗಾಲಿಕುರ್ಚಿಯಲ್ಲಿ.

ಜಾವಗಲ್ ಕಡೆಯ ಹುಡುಗ. ಹದಿಮೂರು ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕೈಕಾಲು ಹಿಡಿತಕ್ಕೆ ಬರುವುದಿಲ್ಲ, ಮಾತು ಹೊರಡುವುದಿಲ್ಲ. ತಲೆ ಮಾತ್ರ ನಮ್ಮ ನಿಮ್ಮೆಲ್ಲರಿಗಿಂತ ಚುರುಕು. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಯಾರೋ ಪುಣ್ಯಾತ್ಮರು ಬ್ಯಾಟರಿ ಗಾಲಿಕುರ್ಚಿ ಕೊಡಿಸಿದ್ದಾರೆ. ಮುಂದಿರುವ ಪುಟ್ಟ ಕೋಲನ್ನು ಮುಷ್ಟಿಯಿಂದ ತಳ್ಳಿದರೆ ಕುರ್ಚಿ ಚಲಿಸುತ್ತದೆ. ಮಾತಿಗೆ ಒಂದು ಟ್ಯಾಬು. ಅದರಲ್ಲಿ ಚಿತ್ರಗಳು. ಚಿತ್ರ ಒತ್ತಿದರೆ ಯಂತ್ರ ಮಾತಾಡುತ್ತದೆ.

ಅಪ್ಪ ಟ್ಯಾಬನ್ನು ಎರಡೂ ಕೈಯಲ್ಲಿ ಮಗನ ಮುಖದ ಮುಂದೆ ಹಿಡಿದು ನಿಂತ. ಯಾಕೆ ಹಾಗೆ? ತೊಡೆಯ ಮೇಲಿಟ್ಟರೆ ಜಾರುತ್ತದೆ, ಕೈ ಅದುರಿದರೆ ನೆಲಕ್ಕೆ ಬೀಳುತ್ತದೆ. ಅಪ್ಪ ಮೂಟೆ ಹೊರಲು ಹೋದರೆ ಹುಡುಗ ಮೂಕ. ಸಂಜೆ ಅಪ್ಪ ಬಂದ ಮೇಲೆ ಮಾತು ಶುರು!

ಇದಕ್ಕೆ ಪರಿಹಾರ ಇಲ್ಲವೇ? ಇದೆ. ಕುರ್ಚಿಯ ಚೌಕಟ್ಟಿಗೆ ಬಿಗಿಯುವ ಒಂದು ಲೋಹದ ತೋಳು. ಟ್ಯಾಬನ್ನು ಕಣ್ಣಿನ ಮಟ್ಟಕ್ಕೆ ಗಟ್ಟಿಯಾಗಿ ಹಿಡಿದಿರುತ್ತದೆ, ಹುಡುಗನನ್ನು ಎತ್ತಿ ಇಳಿಸುವಾಗ ಪಕ್ಕಕ್ಕೆ ಸರಿಯುತ್ತದೆ. ಇನ್ನೊಂದು ಜೋಡಣೆಯೂ ಇದೆ. ಅದಿದ್ದರೆ ಕುರ್ಚಿ ಓಡಿಸುವ ಅದೇ ಕೋಲಿನಿಂದ ಚಿತ್ರಗಳನ್ನೂ ಆರಿಸಬಹುದು. ಬೆರಳು ಚಾಚಲಾಗದವನಿಗೆ ಇದೇ ಬೆರಳು. ನೋಡಲು ಸಣ್ಣ ಸಾಮಾನು. ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಟ್ಯಾಬಿಗಿಂತ ತೋಳೇ ದುಬಾರಿ.

ಅಪ್ಪ ಸಾಲ ಮಾಡಿ ತೋಳು ತರಿಸಲು ಹೊರಟ. ನೆರವಿಗೆ ಒಂದು ಕಚೇರಿಗೆ ಅರ್ಜಿ ಹಾಕಿದ. ಅಂಗಡಿಯವನು ಕೊಟ್ಟ ಎಸ್ಟಿಮೇಟು ಇಂಗ್ಲಿಷಿನಲ್ಲಿತ್ತು: ಮೊಬೈಲ್ ಸ್ಟ್ಯಾಂಡ್, ಅದರ್ ಆಕ್ಸೆಸರೀಸ್, ಜಿಎಸ್‌ಟಿ 18 ಪರ್ಸೆಂಟ್. ಕಚೇರಿಯ ಮಹಾನುಭಾವರು ಅದನ್ನು ನೋಡಿ, “ಕುರ್ಚಿ ಇದೆಯಲ್ಲ, ಮೊಬೈಲ್ ಸ್ಟ್ಯಾಂಡಿಗೆಲ್ಲ ಸರ್ಕಾರ ದುಡ್ಡು ಕೊಡ್ತದಾ?” ಎಂದು ಅರ್ಜಿ ವಾಪಸ್ ಕಳಿಸಿದರು. ಆಮೇಲೆ ಆತ ನನ್ನ ಹತ್ತಿರ ಬಂದ. “ಅಣ್ಣ, ಇದು ಸ್ಟ್ಯಾಂಡಲ್ಲ, ನನ್ ಮಗನ ಬಾಯಿ. ಕನ್ನಡದಲ್ಲಿ ಸರಿಯಾಗಿ ಬರ್ಕೊಡಿ” ಎಂದ.

ಮೂಟೆ ಹೊರುವವನಿಗೆ ಅರ್ಥವಾದದ್ದು ಕುರ್ಚಿಯಲ್ಲಿ ಕೂತವರಿಗೆ ಅರ್ಥವಾಗಲಿಲ್ಲ!

ಇದು ಒಬ್ಬ ಗುಮಾಸ್ತನ ತಪ್ಪು ಅಂದುಕೊಳ್ಳಬೇಡಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅಂಗವಿಕಲರ ಗಾಲಿಕುರ್ಚಿಗೆ 5 ಪರ್ಸೆಂಟ್ ತೆರಿಗೆ ಹಾಕಿದರು. ನಡೆಯಲಾಗದವನು ಕೂರುವುದಕ್ಕೂ ತೆರಿಗೆ, ಇರಲಿ. ಅದೇ ಕುರ್ಚಿಯ ಬಿಡಿಭಾಗಕ್ಕೆ ಎಷ್ಟು ಗೊತ್ತೇ? 28 ಪರ್ಸೆಂಟ್! 2018ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಭೆ ಸೇರಿ, 2019ರ ಜನವರಿ 1ರಿಂದ ಅದನ್ನು 5ಕ್ಕೆ ಇಳಿಸಿತು. ಒಂದೂವರೆ ವರ್ಷ ಕುರ್ಚಿಯ ಚಕ್ರ, ಕೋಲು ಎಲ್ಲ ಐಷಾರಾಮಿ ವಸ್ತುಗಳ ಸಾಲಿನಲ್ಲಿದ್ದವು. ಕುರ್ಚಿಯ ಬಿಡಿಭಾಗಕ್ಕೆ ತೆರಿಗೆ ಪಟ್ಟಿಯಲ್ಲಿ ತನ್ನದೇ ಸಂಖ್ಯೆಯಿದೆ, 8714 20. ಅಂಗಡಿಯವನು ಬಿಲ್ಲಿನಲ್ಲಿ ‘ಮೊಬೈಲ್ ಸ್ಟ್ಯಾಂಡ್’ ಎಂದು ಗೀಚಿದರೆ ಆ ಸಂಖ್ಯೆಯೂ ಹೋಯಿತು, ರಿಯಾಯಿತಿಯೂ ಹೋಯಿತು.

ಆರೋಗ್ಯ ವಿಮೆ ಇದೆಯಲ್ಲ ಅನ್ನುತ್ತೀರಿ. ನಿಮ್ಮ ಕಂಪನಿ ಕೊಟ್ಟಿರುವ ಪಾಲಿಸಿಯನ್ನು ಒಮ್ಮೆ ಕೊನೆಯ ಪುಟದವರೆಗೆ ಓದಿ. ಕೊಡಬೇಕಿಲ್ಲದ ಬಾಬ್ತುಗಳ ಪಟ್ಟಿಯಲ್ಲಿ ನಡೆಯಲು ನೆರವಾಗುವ ಸಾಧನಗಳೇ ಇರುತ್ತವೆ. ಇನ್ನು ಮಾತಾಡಲು ನೆರವಾಗುವ ತೋಳನ್ನು ಯಾರು ಕೇಳುತ್ತಾರೆ?

ಅಮೆರಿಕದ ಬಗ್ಗೆ ನನಗೆ ವ್ಯಾಮೋಹವಿಲ್ಲ. ಆದರೂ ಹೇಳಬೇಕು. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ 2001ರ ಜನವರಿಯಿಂದ ಮಾತಿನ ಯಂತ್ರವನ್ನು ವೈದ್ಯಕೀಯ ಸಾಧನವೆಂದು ಒಪ್ಪಿ ಹಣ ಕೊಡುತ್ತಿದೆ. ಅವರ ಬಿಲ್ಲಿಂಗ್ ಪಟ್ಟಿಯಲ್ಲಿ ಮಾತಿನ ಯಂತ್ರ ಹಿಡಿಯುವ ತೋಳಿಗೆ ಒಂದು ಸಂಕೇತ, ಇ2512. ಕುರ್ಚಿಯ ಕೋಲಿನಿಂದಲೇ ಮಾತಿನ ಯಂತ್ರ ನಡೆಸುವ ಜೋಡಣೆಗೆ ಇನ್ನೊಂದು, ಇ2351. ‘ಇತರೆ’ ಅಲ್ಲ, ಹೆಸರು! ಅದೂ ಸುಮ್ಮನೆ ಉಳಿಯಲಿಲ್ಲ. 2014ರಲ್ಲಿ ಈ ಯಂತ್ರಗಳನ್ನು ಬಾಡಿಗೆ ಲೆಕ್ಕಕ್ಕೆ ತಳ್ಳಿದರು. ರೋಗಿ ಆಸ್ಪತ್ರೆ ಸೇರಿದರೆ ಯಂತ್ರದ ಹಣ ನಿಲ್ಲುವ ಸ್ಥಿತಿ. ಸ್ಟೀವ್ ಗ್ಲೀಸನ್ ಎಂಬ ಫುಟ್‌ಬಾಲ್ ಆಟಗಾರ, ಎಎಲ್‌ಎಸ್ ಕಾಯಿಲೆಯಿಂದ ಮಾತು ಕಳೆದುಕೊಂಡು ಕಣ್ಣಿನ ನೋಟದಿಂದ ಯಂತ್ರ ನಡೆಸುವವನು, ಅವನೂ ಅವನಂಥವರೂ ಬೆನ್ನು ಹತ್ತಿದರು. 2015ರಲ್ಲಿ ಅವನ ಹೆಸರಿನದೇ ಕಾಯ್ದೆ ಬಂತು, 2018ರಲ್ಲಿ ಅದು ಕಾಯಂ ಆಯಿತು. ಮಾತು ಬಾರದವರು ಗಲಾಟೆ ಮಾಡಿ ಗೆದ್ದರು. ಮಾತು ಬರುವ ನಾವು?

ನಮ್ಮಲ್ಲಿ ಕಾಯ್ದೆಗೆ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ ಎಂದರೇನು ಎಂದು ಬಿಡಿಸಿ ಹೇಳುವಾಗ ಭಾಷೆ, ಬ್ರೈಲ್, ಸನ್ನೆ ಭಾಷೆಗಳ ಜೊತೆಗೆ ಮಾತಿಗೆ ಪೂರಕವಾದ, ಬದಲಿಯಾದ ವಿಧಾನಗಳನ್ನೂ ಸೇರಿಸಿದೆ. ಅಂದರೆ ಆ ಟ್ಯಾಬು, ಆ ಚಿತ್ರ ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಮಾತೇ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಇಂಥ ಮಕ್ಕಳಿಗೆ ಯಾವ ವಿಧಾನ ಹೊಂದುತ್ತದೆಂದು ಪರೀಕ್ಷಿಸುವ ತಜ್ಞರು ಅಲ್ಲಿದ್ದಾರೆ. ಸಾಧನಗಳಿಗೆ ನೆರವು ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರದು. ಕಾನೂನೂ ಇದೆ, ತಜ್ಞರೂ ಇದ್ದಾರೆ, ಯೋಜನೆಯೂ ಇದೆ. ಅಂಗಡಿಯಿಂದ ಕಚೇರಿಗೆ ಹೋಗುವ ಒಂದು ಕಾಗದದಲ್ಲಿ ಎಲ್ಲವೂ ಬಿದ್ದುಹೋಗುತ್ತಿದೆ.

ಇನ್ನು ನಮ್ಮ ಪತ್ರಿಕೆಗೆ ಸೇರಿದ ಮಾತು. ಆ ಹುಡುಗ ನೀರಿನ ಚಿತ್ರ ಒತ್ತಿದ. ಯಂತ್ರ “ಪಾನೀ” ಎಂದಿತು! ಅವರ ಮನೆಯಲ್ಲಿ ಯಾರಿಗೂ ಹಿಂದಿ ಬಾರದು. ಹುಡುಗ ಹದಿಮೂರು ವರ್ಷ ಕನ್ನಡ ಕೇಳಿ, ಕನ್ನಡದಲ್ಲೇ ಯೋಚಿಸಿ, ಮೊದಲ ಸಲ ಬಾಯಿ ಬಿಟ್ಟಾಗ ಹಿಂದಿ ಮಾತಾಡಬೇಕೇ? ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಸಿಕ್ಕ ಶಾಸನ ಸುಮಾರು ಸಾವಿರದ ಐನೂರು ವರ್ಷ ಹಳೆಯ ಕನ್ನಡ ಎಂದು ಭಾಷಣದಲ್ಲಿ ಎದೆ ತಟ್ಟಿಕೊಳ್ಳುತ್ತೇವೆ. ಕಲ್ಲು ಕನ್ನಡ ಮಾತಾಡಿದ ಸೀಮೆ ಇದು. ಕಲ್ಲಿಗಿದ್ದ ಭಾಗ್ಯ ಈ ಮಗುವಿಗಿಲ್ಲ.

ಸ್ಟೀಫನ್ ಹಾಕಿಂಗ್ ಗೊತ್ತಲ್ಲ? 1985ರಲ್ಲಿ ಮಾತು ಹೋಯಿತು. ಕೇಂಬ್ರಿಜ್‌ನಲ್ಲಿ ಅವರ ಕುರ್ಚಿಗೇ ಪುಟ್ಟ ಕಂಪ್ಯೂಟರ್ ಮತ್ತು ದನಿಯಂತ್ರ ಜೋಡಿಸಿಕೊಟ್ಟರು. ಇಂಗ್ಲೆಂಡಿನ ಮನುಷ್ಯನಿಗೆ ಸಿಕ್ಕಿದ್ದು ಅಮೆರಿಕದ ಉಚ್ಚಾರಣೆ. ಅಷ್ಟಕ್ಕೇ ಜಗತ್ತೆಲ್ಲ ಅದರ ಬಗ್ಗೆ ಮಾತಾಡಿತು. ಇಲ್ಲಿ ಭಾಷೆಯೇ ಬೇರೆ!

ನಿಜ ಹೇಳಬೇಕೆಂದರೆ ಈ ಅರ್ಧ ಸಮಸ್ಯೆ ಅವತ್ತೇ ಬಗೆಹರಿಯಿತು. ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ನಮ್ಮ ಹುಡುಗ ಟ್ಯಾಬು ಇಸಿದುಕೊಂಡು, ಸೆಟ್ಟಿಂಗಿನಲ್ಲಿ ಕನ್ನಡ ದನಿ ಹಾಕಿ, ಚಿತ್ರಗಳ ಕೆಳಗೆ ಕನ್ನಡ ಪದ ಬೆರಳಚ್ಚಿಸಿದ. ಮುಕ್ಕಾಲು ಗಂಟೆ ಹಿಡಿಯಿತು. ಹುಡುಗ ಮತ್ತೆ ಅದೇ ಚಿತ್ರ ಒತ್ತಿದ. “ನೀರು” ಎಂದಿತು ಯಂತ್ರ. ಮತ್ತೆ ಒತ್ತಿದ. ನೀರು, ನೀರು, ನೀರು. ಬಾಯಾರಿಕೆಯೇನೂ ಇರಲಿಲ್ಲ. ಅಪ್ಪ ಬೀದಿಯ ಕಡೆ ತಿರುಗಿ ನಿಂತುಕೊಂಡ.

ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದಾಗ ಪಟಾಕಿ ಹೊಡೆದವರು ನಾವು. ಪಟ್ಟಿಯಲ್ಲಿ ಹೆಸರಿರುವುದರ ಬೆಲೆ ನಮಗೆ ಗೊತ್ತಿರಬೇಕು. ರಾಜ್ಯದ ವಿಕಲಚೇತನರ ಇಲಾಖೆ ತನ್ನ ಸಾಧನಗಳ ಪಟ್ಟಿಯಲ್ಲಿ ಈ ಎರಡು ಸಾಮಾನಿಗೆ ಎರಡು ಸಾಲು ಕೊಡಲಿ, ಕನ್ನಡದಲ್ಲಿ ಕೊಡಲಿ. ಯಂತ್ರ ಕೊಡುವಾಗ ಕನ್ನಡ ದನಿ ಹಾಕಿಯೇ ಕೊಡಬೇಕೆಂಬ ಷರತ್ತು ಇರಲಿ. ಬೆಂಗಳೂರಿನಲ್ಲಿ ಬೋರ್ಡಿಗೆ ಬಣ್ಣ ಬಳಿಯುವ ಗೆಳೆಯರೇ, ಆ ಕೆಲಸ ಬೇಡವೆನ್ನುವುದಿಲ್ಲ. ಆದರೆ ಇಂಥ ಸಾಮಾನು ಮಾರುವ ಅಂಗಡಿಗಳು ನಿಮ್ಮ ಊರಿನಲ್ಲೇ ಇವೆ. ಹೋಗಿ ಬಿಲ್ಲು ಕೇಳಿ, ಕನ್ನಡದಲ್ಲಿ ಕೇಳಿ, ಸಾಮಾನಿನ ಹೆಸರು ಸರಿಯಾಗಿ ಬರೆಸಿ. ಹಳ್ಳಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಊರಿಗೆ ಬಂದಾಗ ಅವರ ಜೊತೆ ಕೂತು ಅರ್ಜಿ ಬರೆದುಕೊಡಿ.

ಆ ಅಪ್ಪನಿಗೆ ನಾನು ಹೊಸ ಅರ್ಜಿ ಅಚ್ಚು ಹಾಕಿಕೊಟ್ಟೆ. ‘ಗಾಲಿಕುರ್ಚಿಯ ಬಿಡಿಭಾಗ: ಮಾತಿನ ಯಂತ್ರ ಹಿಡಿಯುವ ತೋಳು, ಒಂದು. ಕುರ್ಚಿಯ ಕೋಲಿನಿಂದ ಮಾತಿನ ಯಂತ್ರ ನಡೆಸುವ ಜೋಡಣೆ, ಒಂದು. ತೆರಿಗೆ ಸಂಖ್ಯೆ 8714 20.’ ಕೆಳಗೆ ವೈದ್ಯರ ಸಹಿಗೆ ಜಾಗ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಅದು ಮತ್ತೆ ಅದೇ ಮೇಜಿನ ಮೇಲಿರುತ್ತದೆ. ಇನ್ನೂ ನೂರು ಪ್ರತಿ ತೆಗೆದಿಟ್ಟಿದ್ದೇನೆ. ಬೇಕಾದವರು ಪ್ರೆಸ್ಸಿಗೆ ಬಂದು ತೆಗೆದುಕೊಂಡು ಹೋಗಿ, ಕಾಸು ಬೇಡ.