ಶೇಂಗಾ ಬೀಜಕ್ಕೆ ಚೀಟಿ ಇದೆ, ಕೋಳಿ ಮರಿಗೆ ಯಾಕಿಲ್ಲ?

ಮುಂಗಾರು ಶುರುವಾಗುವ ಹೊತ್ತಿಗೆ ಚಳ್ಳಕೆರೆ ಸೀಮೆಯ ರೈತ ಸಂಪರ್ಕ ಕೇಂದ್ರಗಳ ಮುಂದೆ ಶೇಂಗಾ ಬಿತ್ತನೆ ಬೀಜಕ್ಕೆ ಸಾಲು ನಿಲ್ಲುತ್ತದೆ. ಪ್ರಮಾಣಿತ ಬೀಜದ ಚೀಲವಾದರೆ ಅದರ ಬಾಯಿಗೆ ನೀಲಿ ಚೀಟಿ ಹೊಲಿದಿರುತ್ತದೆ. ತಳಿ ಯಾವುದು, ಲಾಟ್ ನಂಬರ್ ಎಷ್ಟು, ಪರೀಕ್ಷೆ ಯಾವಾಗ ಆಯಿತು ಎಂಬುದೆಲ್ಲ ಬರೆದಿರುತ್ತದೆ. ಶೇಂಗಾ ಬೀಜ ನೂರಕ್ಕೆ 70 ಆದರೂ ಮೊಳೆಯಬೇಕು ಎಂಬುದು ನಿಯಮ. ಮೊಳೆಯದಿದ್ದರೆ ಆ ಚೀಟಿ ಹಿಡಿದುಕೊಂಡು ಕೃಷಿ ಇಲಾಖೆಯ ಬಾಗಿಲಿಗೆ ಹೋಗಬಹುದು. ನ್ಯಾಯ ಸಿಗುತ್ತದೋ ಇಲ್ಲವೋ ಬೇರೆ ಮಾತು, ಕೇಳಲಿಕ್ಕೆ ಕೈಯಲ್ಲಿ ಒಂದು ಆಧಾರವಂತೂ ಇರುತ್ತದೆ.

ಅದೇ ಮನೆಯವರು ಒಂದು ಬಾಕ್ಸ್ ಕೋಳಿ ಮರಿ ತಂದರೆ? ಬಾಕ್ಸಿನ ಮೇಲೆ ಹೆಚ್ಚೆಂದರೆ ಹ್ಯಾಚರಿಯ ಹೆಸರು, ಒಂದು ಫೋನ್ ನಂಬರ್. ಸಂತೆಯಲ್ಲಿ, ಬೈಕಿನಲ್ಲಿ ಪಂಜರ ಕಟ್ಟಿಕೊಂಡು ಬಂದವರ ಹತ್ತಿರ ತಂದರೆ ಅದೂ ಇಲ್ಲ. ತಾಯಿ ಕೋಳಿಗೆ ರೋಗ ಇತ್ತೇ, ಪರೀಕ್ಷೆ ಆಗಿತ್ತೇ, ಮರಿಗೆ ಮೊದಲ ದಿನದ ಲಸಿಕೆ ಬಿದ್ದಿದೆಯೇ, ಯಾವುದೂ ಗೊತ್ತಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಸುದ್ದಿ ಕಳಿಸುತ್ತಾ ಸಂತೆ, ಫಾರಂ ಸುತ್ತುವ ನಾನು ಮರಿಯ ಜೊತೆ ಆರೋಗ್ಯದ ಚೀಟಿ ಬಂದದ್ದನ್ನು ನೋಡಿಲ್ಲ.

ನನ್ನ ಮಾತು ಇಷ್ಟೇ. ಹಳ್ಳಿಗೆ ಮಾರುವ ಪ್ರತಿ ಬಾಕ್ಸ್ ಮರಿಯ ಜೊತೆ ಆರೋಗ್ಯದ ಚೀಟಿ ಬರಬೇಕು. ಆ ಚೀಟಿಯ ಹಿಂದಿನ ಪರೀಕ್ಷೆ ತಾಯಿ ಕೋಳಿ ಇರುವ ಫಾರಂನಲ್ಲಿ ನಡೆಯಬೇಕು. ಖರ್ಚು, ಹೊಣೆ ಎರಡೂ ಮರಿ ಮಾರುವವರ ಮೇಲೆ ಇರಬೇಕು.

ರೋಗ ಮೊಟ್ಟೆಯೊಳಗಿಂದಲೇ ಬರುತ್ತದೆ

ಮರಿ ಸತ್ತರೆ ನಮ್ಮಲ್ಲಿ ಸಾಮಾನ್ಯವಾಗಿ ಏನನ್ನುತ್ತೇವೆ? "ಗಾಳಿ ಹೊಡೀತು", "ದೃಷ್ಟಿ ಆಯ್ತು", "ಕೊಕ್ಕರೆ ರೋಗ ಬಂತು". ಕೊಕ್ಕರೆ ರೋಗ ಅಂದರೆ ರಾಣಿಖೇತ್ ನಿಜವಾಗಿಯೂ ದೊಡ್ಡ ಶತ್ರು, ಅದಕ್ಕೆ ಲಸಿಕೆ ಇದೆ. ಆದರೆ ತಂದ ಮೊದಲ ವಾರ ಹತ್ತು ದಿನದಲ್ಲೇ ಮರಿ ಮುದುರಿ ಕೂತು, ಹಿಂಭಾಗಕ್ಕೆ ಬಿಳಿ ಹಿಕ್ಕೆ ಅಂಟಿಕೊಂಡು ಸಾಲುಸಾಲಾಗಿ ಸತ್ತರೆ ಇನ್ನೊಂದು ಅನುಮಾನ ಪಡಬೇಕು. ಪುಲ್ಲೋರಂ ಎಂಬ ಬಿಳಿ ಭೇದಿ ರೋಗ ತಾಯಿಯ ಹೊಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇಳಿಯುತ್ತದೆ. ಕೋಳಿ ಟೈಫಾಯಿಡ್ ಇದೇ ಜಾತಿಯದು. ಗೊರಗೊರ ಸದ್ದು ಮಾಡುತ್ತಾ ಉಸಿರು ಕಟ್ಟುವ ಮೈಕೋಪ್ಲಾಸ್ಮಾ ಕಾಯಿಲೆಯೂ ಮೊಟ್ಟೆ ಮೂಲಕ ಬರುತ್ತದೆ.

ಇಲ್ಲಿರುವ ಮೋಸ ಏನೆಂದರೆ, ರೋಗ ಹೊತ್ತ ತಾಯಿ ಕೋಳಿ ನೋಡಲಿಕ್ಕೆ ಚೆನ್ನಾಗಿಯೇ ಇರುತ್ತದೆ. ತಿನ್ನುತ್ತದೆ, ಮೊಟ್ಟೆ ಇಡುತ್ತದೆ. ಅದರ ಮೊಟ್ಟೆ ಬೇರೆಯವುಗಳ ಜೊತೆ ಯಂತ್ರಕ್ಕೆ ಹೋಗಿ 21 ದಿನಕ್ಕೆ ಮರಿಯಾದಾಗ ಒಂದು ಮರಿಯ ರೋಗ ಪುಕ್ಕದ ಧೂಳಿನ ಜೊತೆ ಸುತ್ತಲಿನ ಮರಿಗಳಿಗೂ ಹತ್ತುತ್ತದೆ. ಮನೆಯ ಮಂಕರಿಯ ಕೆಳಗೆ ಕಾವಿಗೆ ಕೂತ ಕೋಳಿಗೆ ರೋಗ ಇದ್ದರೆ ಕೆಡುವುದು ಹತ್ತು ಮರಿ. ಹ್ಯಾಚರಿಯಲ್ಲಿ ಕೆಟ್ಟರೆ ಹತ್ತಾರು ಊರು. ಒಂದು ಬ್ರಾಯ್ಲರ್ ತಾಯಿ ಕೋಳಿ ತನ್ನ ಕಾಲದಲ್ಲಿ ಸುಮಾರು 150 ಮರಿಗೆ ತಾಯಿಯಾಗುತ್ತದೆ. ಅಂದರೆ ಸಾವಿರ ತಾಯಿ ಕೋಳಿಯ ಪರೀಕ್ಷೆ ಒಂದೂವರೆ ಲಕ್ಷ ಮರಿಯ ಜಾತಕ ಹೇಳುತ್ತದೆ.

ಪರೀಕ್ಷೆಯೂ ಕಷ್ಟದ್ದಲ್ಲ. ಕೋಳಿಯ ರೆಕ್ಕೆಯ ನರದಿಂದ ಒಂದು ಹನಿ ರಕ್ತ ತೆಗೆದು, ಬಿಳಿ ಹಲಗೆಯ ಮೇಲೆ ಬಣ್ಣದ ಆಂಟಿಜನ್ ದ್ರವದ ಹನಿಯ ಜೊತೆ ಕಲಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ರಕ್ತ ಗಂಟುಗಂಟಾದರೆ ರೋಗದ ಸೂಚನೆ. ಅದನ್ನು ಪ್ರಯೋಗಾಲಯದಲ್ಲಿ ಖಚಿತ ಮಾಡಿಕೊಳ್ಳಬೇಕು. ಆ ದ್ರವವನ್ನು ನಮ್ಮ ದೇಶದಲ್ಲೇ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆ ತಯಾರಿಸುತ್ತದೆ.

ವಿಮಾನದಲ್ಲಿ ಬಂದರೆ ಚೀಟಿ, ಸಂತೆಗೆ ಬಂದರೆ ಇಲ್ಲ

ನಮ್ಮ ದೇಶಕ್ಕೆ ಪರೀಕ್ಷೆ, ಪ್ರಮಾಣಪತ್ರ ಅಂದರೆ ಏನೆಂದು ಗೊತ್ತಿಲ್ಲದೆ ಇಲ್ಲ. ಬ್ರಾಯ್ಲರ್ ವಂಶದ ಅಜ್ಜಿ ಕೋಳಿಗಳನ್ನು ಹೊರದೇಶದಿಂದ ತರಿಸುವಾಗ 1898ರ ಜಾನುವಾರು ಆಮದು ಕಾಯ್ದೆಯಡಿ ಆರೋಗ್ಯ ಪ್ರಮಾಣಪತ್ರ ಬೇಕು, ಬಂದ ಮೇಲೆ ಪ್ರತ್ಯೇಕವಾಗಿ ಇಟ್ಟು ನೋಡಬೇಕು. ಹೊರದೇಶಕ್ಕೆ ಕೋಳಿ, ಮೊಟ್ಟೆ ಕಳಿಸುವಾಗಲೂ ಹಾಗೆಯೇ. 2023ರಲ್ಲಿ ಮಹಾರಾಷ್ಟ್ರ, ತಮಿಳುನಾಡು, ಉತ್ತರ ಪ್ರದೇಶ, ಛತ್ತೀಸ್‌ಗಢದ 26 ಕೋಳಿ ಘಟಕಗಳು ಹಕ್ಕಿ ಜ್ವರದಿಂದ ಮುಕ್ತ ಎಂಬ ಭಾರತದ ಘೋಷಣೆಯನ್ನು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಒಪ್ಪಿತು. ಪರೀಕ್ಷೆ, ದಾಖಲೆ, ಬೇಲಿ, ಬೂಟು ತೊಳೆಯುವ ತೊಟ್ಟಿ ಎಲ್ಲ ಸರಿ ಇದ್ದದ್ದಕ್ಕೇ ಅದು ಆದದ್ದು.

ಅಂದರೆ ಅಜ್ಜಿ ಕೋಳಿ ಬರುವಾಗ ಕಾಗದ ಇದೆ. ಮೊಟ್ಟೆ ಹೊರದೇಶಕ್ಕೆ ಹೋಗುವಾಗಲೂ ಕಾಗದ ಇದೆ. ಮೊಮ್ಮಗಳು ತಳಕಿಗೋ ಪರಶುರಾಂಪುರಕ್ಕೋ ಕೊಂಡ್ಲಹಳ್ಳಿಗೋ ಬರುವಾಗ ಮಾತ್ರ ಇಲ್ಲ.

ಇರುವ ನಿಯಮಗಳು ಬೇರೆ ಕಡೆ ನೋಡುತ್ತವೆ. 5,000 ಮತ್ತು ಅದಕ್ಕಿಂತ ಹೆಚ್ಚು ಕೋಳಿ ಇರುವ ಫಾರಂಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಅದು ವಾಸನೆ, ನೊಣ, ಗೊಬ್ಬರ, ಸತ್ತ ಕೋಳಿ ಹೂಳುವುದರ ಲೆಕ್ಕ. ಬೇಕಾದದ್ದೇ, ಆದರೆ ಅದರಿಂದ ಮರಿಯ ಆರೋಗ್ಯ ಗೊತ್ತಾಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲ ಕೋಳಿ ಫಾರಂಗಳೂ ಒಂದು ತಿಂಗಳೊಳಗೆ ರಾಜ್ಯದ ಪಶುಸಂಗೋಪನೆ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು ಎಂದು ಹೇಳಿತು. ಒಳ್ಳೆಯ ಹೆಜ್ಜೆ. ಆದರೆ ನೋಂದಣಿ ಅಂದರೆ ಮನೆ ನಂಬರ್ ಇದ್ದ ಹಾಗೆ. ಮನೆಯೊಳಗೆ ಯಾರಿಗೆ ಜ್ವರ ಎಂದು ಅದು ಹೇಳುವುದಿಲ್ಲ.

ಕುರೆಕುಪ್ಪ ಮತ್ತು ಹೆಸರಘಟ್ಟ ಹೇಳುವ ಪಾಠ

ಆ ನೋಂದಣಿ ಆದೇಶಕ್ಕೆ ಸ್ವಲ್ಪ ಮೊದಲು ನಮ್ಮ ಪಕ್ಕದಲ್ಲೇ ಏನಾಯಿತೆಂದು ನೆನಪಿಸಿಕೊಳ್ಳಿ. 2025ರ ಫೆಬ್ರವರಿ ಕೊನೆಯಲ್ಲಿ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಸುಮಾರು 2,400 ಕೋಳಿ ಸತ್ತವು. ಹಕ್ಕಿ ಜ್ವರ ಎಂದು ದೃಢವಾಯಿತು. ಸತ್ತದ್ದು ಯಾರದೋ ಹಿತ್ತಲಿನಲ್ಲಲ್ಲ, ಸರ್ಕಾರದ ಕೋಳಿ ಸಂವರ್ಧನಾ ಮತ್ತು ತರಬೇತಿ ಕೇಂದ್ರದಲ್ಲಿ. ಬಳ್ಳಾರಿಯಿಂದ ರಾಂಪುರ, ಹಾನಗಲ್ ದಾಟಿ ಚಳ್ಳಕೆರೆಗೆ ಬರುವ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಕೋಳಿ ಗಾಡಿ ಓಡಾಡುತ್ತವೆ. ಆಗ ಮೊಳಕಾಲ್ಮೂರಿನ ಕಡೆಯವರಿಗೆ ಹುಟ್ಟಿದ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಇದು ಮೊದಲ ಸಲವೂ ಅಲ್ಲ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳು ಸತ್ತು ಹಕ್ಕಿ ಜ್ವರ ಪತ್ತೆಯಾದದ್ದು ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ. ಅದೂ ತಳಿ ಬೆಳೆಸುವ ಜಾಗವೇ.

ಹಕ್ಕಿ ಜ್ವರವನ್ನು ಬಿಳಿ ಭೇದಿಯ ಜೊತೆ ಕಲಸಬಾರದು. ಅದು ಹೆಚ್ಚಾಗಿ ಕಾಡು ಹಕ್ಕಿ, ಕೋಳಿ, ಗಾಡಿ, ಟ್ರೇ, ಚಪ್ಪಲಿಯಿಂದ ಹರಡುತ್ತದೆ. ವರ್ಷಕ್ಕೊಮ್ಮೆ ಮಾಡುವ ರಕ್ತ ಪರೀಕ್ಷೆ ಅದನ್ನು ತಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ತಳಿ ಫಾರಂ, ಹ್ಯಾಚರಿ ಅಂದರೆ ಬಸ್ ಸ್ಟ್ಯಾಂಡ್ ಇದ್ದ ಹಾಗೆ, ಎಲ್ಲ ಊರಿನ ಗಾಡಿಯೂ ಅಲ್ಲಿಗೆ ಬಂದು ಹೋಗುತ್ತದೆ. ಅಲ್ಲಿ ಗಂಟಲು, ಹಿಕ್ಕೆಯ ಸ್ಯಾಂಪಲ್ ಕಾಲಕಾಲಕ್ಕೆ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಪದ್ಧತಿ ಇದ್ದರೆ, ಎಲ್ಲ ಊರಿಗೂ ಮುಟ್ಟುವ ಮೊದಲೇ ಎಚ್ಚರಿಕೆ ಸಿಗುವ ಸಾಧ್ಯತೆ ಹೆಚ್ಚು.

ನಷ್ಟ ಯಾರ ಹೆಗಲಿಗೆ?

ಮ್ಯಾಸನಾಯಕರ ಹಟ್ಟಿಗಳಲ್ಲಿ ಕೋಳಿ ಸಾಕುವ ಪದ್ಧತಿ ಇಲ್ಲ. ಉಳಿದಂತೆ ಮಳೆ ಕೈಕೊಡುವ ಈ ಸೀಮೆಯಲ್ಲಿ ಕುರಿಯ ಪಕ್ಕ ನಾಲ್ಕು ಕೋಳಿ ಇದ್ದರೆ ಹೆಣ್ಣುಮಕ್ಕಳ ಕೈಗೆ ಒಂದಿಷ್ಟು ಕಾಸು. ಹಬ್ಬದ ಹುಂಜ, ಮಕ್ಕಳ ನೋಟ್‌ಬುಕ್, ಸಂಘದ ವಾರದ ಕಂತು ಎಲ್ಲ ಅದರಲ್ಲೇ. ಸಂಘದ ಸಾಲದಲ್ಲಿ ತಂದ ಮರಿ ಸತ್ತರೂ ಕಂತು ಸಾಯುವುದಿಲ್ಲ.

ಇನ್ನು ಕಂಪನಿಗೆ ಬ್ರಾಯ್ಲರ್ ಸಾಕಿಕೊಡುವವರ ಕಥೆ. ಮರಿ, ಆಹಾರ, ಔಷಧ ಕಂಪನಿಯದು. ಶೆಡ್ಡು, ಕರೆಂಟು, ನೀರು, ನಿದ್ದೆಗೆಡುವುದು ರೈತನದು. ಕೂಲಿ ಸಿಗುವುದು ಬೆಳೆದ ತೂಕದ ಮೇಲೆ. ಸಾವು ಹೆಚ್ಚಾದರೆ, ತಿಂದ ಆಹಾರಕ್ಕೆ ತಕ್ಕ ತೂಕ ಬಾರದಿದ್ದರೆ ಕೂಲಿ ಇಳಿಯುತ್ತದೆ. ಮರಿಯೇ ರೋಗ ಹೊತ್ತು ಬಂದಿದ್ದರೆ? ಅದನ್ನು ತೋರಿಸಲು ರೈತನ ಕೈಯಲ್ಲಿ ಏನಿದೆ?

ಎಲ್ಲ ಸಾವಿಗೂ ಹ್ಯಾಚರಿ ಕಾರಣ ಅಲ್ಲ. ಮರಿಗೆ ಬಲ್ಬಿನ ಕಾವು ಕಮ್ಮಿಯಾದರೆ, ಶೆಡ್ಡಿನ ಹೊಟ್ಟು ಒದ್ದೆಯಾದರೆ, ನಮ್ಮ ಬೇಸಿಗೆಯ ಬಿಸಿಲಿಗೆ ನೀರು ಕಾದರೆ, ಲಸಿಕೆ ತಪ್ಪಿದರೆ ಒಳ್ಳೆಯ ಮರಿಯೂ ಸಾಯುತ್ತದೆ. ಅದಕ್ಕೇ ಚೀಟಿ ಬೇಕು ಎನ್ನುವುದು. ಎಲ್ಲಿ ಯಾರ ತಪ್ಪು ಎಂದು ತಿಳಿಯಲು ಎರಡು ಕಡೆಯವರಿಗೂ ಅದು ಆಧಾರ. ನಿಯತ್ತಿನಿಂದ ಮರಿ ಮಾರುವ ಹ್ಯಾಚರಿಯವರಿಗೆ ಇದರಿಂದ ಲಾಭವೇ. ಕಳಪೆ ಮರಿಯನ್ನು ಎರಡು ರೂಪಾಯಿ ಕಮ್ಮಿಗೆ ಮಾರುವವರ ಎದುರು ಇವತ್ತು ಅವರೇ ಸೋಲುತ್ತಿದ್ದಾರೆ.

ಅಮೆರಿಕದಲ್ಲಿ 1935ರಲ್ಲೇ ಮಾಡಿದರು

ನೂರು ವರ್ಷದ ಹಿಂದೆ ಅಮೆರಿಕದ ಕೋಳಿ ಸಾಕಾಣಿಕೆಗೂ ಇದೇ ಬಿಳಿ ಭೇದಿ ಕಾಟ ಕೊಟ್ಟಿತ್ತು. ರೋಗ ಹೊಕ್ಕ ಕಡೆ ನೂರಕ್ಕೆ 80ರವರೆಗೂ ಮರಿ ಸಾಯುತ್ತಿದ್ದವು. 1935ರಲ್ಲಿ ಅಲ್ಲಿ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆ ಶುರುವಾಯಿತು. ತಾಯಿ ಕೋಳಿಗಳ ರಕ್ತ ಪರೀಕ್ಷೆ ಮಾಡಿ, ರೋಗ ಇದ್ದದ್ದನ್ನು ತೆಗೆದು, ಉಳಿದ ಹಿಂಡಿಗೆ "ರೋಗಮುಕ್ತ" ಎಂಬ ದರ್ಜೆ ಕೊಡುವುದು. ಸೇರಲೇಬೇಕೆಂಬ ಕಟ್ಟಳೆ ಇರಲಿಲ್ಲ. ಆದರೆ ದರ್ಜೆ ಇದ್ದ ಮರಿಗೆ ಬೆಲೆ ಬಂತು. ಈಗ ಅಲ್ಲಿನ ಬಹುತೇಕ ರಾಜ್ಯಗಳು ಗಡಿ ದಾಟುವ ಮರಿಗೆ ಈ ದರ್ಜೆಯನ್ನೋ ಪರೀಕ್ಷೆಯ ಕಾಗದವನ್ನೋ ಕೇಳುತ್ತವೆ. ದೊಡ್ಡ ಫಾರಂಗಳಲ್ಲಿ ಆ ರೋಗ ಬಹುಮಟ್ಟಿಗೆ ಇಲ್ಲವಾಯಿತು. ಆಂಧ್ರದ ರಾಯದುರ್ಗ, ಕಲ್ಯಾಣದುರ್ಗದ ಗಡಿಗೆ ಅಂಟಿಕೊಂಡಿರುವ ನಮಗೆ ಗಡಿ ದಾಟುವ ಮರಿಯ ಕಾಗದ ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

"ಇನ್ನೊಂದು ಕಾಗದ, ಇನ್ನೊಬ್ಬ ಅಧಿಕಾರಿ, ಇನ್ನೊಂದು ಮಾಮೂಲಿ" ಎಂದು ಸಣ್ಣ ಹ್ಯಾಚರಿಯವರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಆದ್ದರಿಂದ ಪರೀಕ್ಷೆಯ ಶುಲ್ಕ ಇಷ್ಟೇ ಎಂದು ಗೋಡೆಯ ಮೇಲೆ ಬರೆದಿರಬೇಕು, ಫಲಿತಾಂಶ ಇಷ್ಟು ದಿನದಲ್ಲಿ ಎಂದು ಗಡುವು ಇರಬೇಕು. ಮೊದಲ ವರ್ಷ ದಂಡ ಬೇಡ, ದರ್ಜೆ ಸಾಕು.

ಮಾಡಬೇಕಾದದ್ದು

ಮೊದಲಿಗೆ ಸರ್ಕಾರದ ಮನೆಯಿಂದಲೇ ಶುರುವಾಗಲಿ. ಸರ್ಕಾರದ ಸಂವರ್ಧನಾ ಕೇಂದ್ರಗಳ ತಾಯಿ ಕೋಳಿಯ ಪರೀಕ್ಷೆ ಫಲಿತಾಂಶ ಬೋರ್ಡಿನ ಮೇಲೆ ಬರಲಿ. ಯೋಜನೆಯಲ್ಲಿ ಮಹಿಳೆಯರಿಗೆ ಹಂಚುವ ಮರಿಯ ಜೊತೆ ಚೀಟಿ ಇರಲಿ.

ಎರಡನೆಯದು ಸಬ್ಸಿಡಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 1,000 ತಾಯಿ ಕೋಳಿ, ಹ್ಯಾಚರಿ, ಮರಿ ಸಾಕುವ ಘಟಕಕ್ಕೆ ಶೇ 50ರಷ್ಟು, 25 ಲಕ್ಷ ರೂಪಾಯಿವರೆಗೆ ಸಬ್ಸಿಡಿ ಇದೆ. ಜನರ ದುಡ್ಡು ಪಡೆಯುವ ಘಟಕ ವರ್ಷಕ್ಕೊಮ್ಮೆ ತಾಯಿ ಕೋಳಿ ಪರೀಕ್ಷೆ ಮಾಡಿಸಬೇಕು ಎಂದು ಷರತ್ತು ಹಾಕಲು ಹೊಸ ಕಾಯ್ದೆಯೇನೂ ಬೇಡ.

ಮೂರನೆಯದು ಚೀಟಿ. ಅದರಲ್ಲಿ ನಾಲ್ಕು ಸಾಲು ಸಾಕು: ನೋಂದಣಿ ಸಂಖ್ಯೆ, ತಾಯಿ ಕೋಳಿಯ ಪರೀಕ್ಷೆಯ ದಿನಾಂಕ ಮತ್ತು ಫಲಿತಾಂಶ, ಮರಿ ಒಡೆದ ದಿನ, ಕೊಟ್ಟ ಲಸಿಕೆ. ಕನ್ನಡದಲ್ಲಿರಲಿ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದೂ ಇದೆ. ಮರಿ ಕೊಳ್ಳುವಾಗ ಈ ನಾಲ್ಕು ಪ್ರಶ್ನೆ ಕೇಳಿ, ಬಿಲ್ ಪಡೆಯಿರಿ, ಬಾಕ್ಸಿನ ಫೋಟೋ ತೆಗೆದಿಡಿ. ಹೊಸ ಮರಿಯನ್ನು ಹಳೆ ಕೋಳಿಯ ಜೊತೆ ಕೂಡಲೇ ಬಿಡಬೇಡಿ. ಒಂದೇ ಸಲ ಹಲವು ಸತ್ತರೆ ಕೆರೆಗೋ ಹಳ್ಳಕ್ಕೋ ಎಸೆಯದೆ, ಬರಿಗೈಯಲ್ಲಿ ಮುಟ್ಟದೆ, ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ಪಂಚಾಯಿತಿಗೆ ತಿಳಿಸುವುದು ಸಾಕುವವರ ಕರ್ತವ್ಯ. ಹಕ್ಕಿ ಜ್ವರದಲ್ಲಿ ಸರ್ಕಾರ ಕೊಲ್ಲಿಸುವ ಕೋಳಿಗೆ ಪರಿಹಾರ ಇದೆ, ರೋಗದಿಂದ ತಾನಾಗಿ ಸತ್ತದ್ದಕ್ಕೆ ಇಲ್ಲ. ಮುಚ್ಚಿಟ್ಟರೆ ನಷ್ಟ ನಮ್ಮದೇ.

ಮುಂದಿನ ಗ್ರಾಮಸಭೆಗೆ ಪಶು ಇಲಾಖೆಯವರು ಬಂದಾಗ ದನದ ಓಲೆ, ಕುರಿಯ ಲಸಿಕೆ ಕೇಳಿದ ಮೇಲೆ ಇದನ್ನೂ ಒಂದು ಮಾತು ಕೇಳಿ: "ಸಾರ್, ಶೇಂಗಾ ಚೀಲಕ್ಕೆ ಚೀಟಿ ಕೊಡ್ತೀರಿ. ಕೋಳಿ ಮರಿಗೆ ಯಾವಾಗ?" ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ ಬನ್ನಿ.